ತಳ್ಳುಗಾಡಿಯನ್ನು ಯಾಕೆ ಯಾರೂ ಎಳೆಯುವುದಿಲ್ಲ?

"ಲಾನ್ ರೋಲರನ್ನು ತಳ್ಳುವುದಕ್ಕಿಂತ ಎಳೆಯುವುದು ಸುಲಭ. ಕಾರಣ ಕೊಡಿ."

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆ ಈ ಪ್ರಶ್ನೆ ಮರೆತಿರುವುದಿಲ್ಲ. ಹುಲ್ಲುಹಾಸು ಮಟ್ಟ ಮಾಡುವ ಭಾರದ ಉರುಳೆ, ಅಂದರೆ ಒಂದು ರೋಲರ್ ಬರೆದು, ಓರೆಯಾದ ಬಾಣ ಹಾಕಿ, ಅದನ್ನು ಎರಡು ಭಾಗ ಮಾಡಿದರೆ ಪೂರ್ತಿ ಮಾರ್ಕ್ಸ್. ಹಿಡಿಕೆ ಓರೆಯಾಗಿರುವುದರಿಂದ ಎಳೆದಾಗ ನಮ್ಮ ಬಲದ ಸ್ವಲ್ಪ ಪಾಲು ರೋಲರನ್ನು ಮೇಲಕ್ಕೆ ಎತ್ತುತ್ತದೆ. ನೆಲದ ಮೇಲಿನ ಭಾರ ಕಡಿಮೆ, ಘರ್ಷಣೆ ಕಡಿಮೆ. ತಳ್ಳಿದಾಗ ಅದೇ ಪಾಲು ರೋಲರನ್ನು ನೆಲಕ್ಕೆ ಒತ್ತುತ್ತದೆ. ಭಾರ ಜಾಸ್ತಿ, ಘರ್ಷಣೆ ಜಾಸ್ತಿ. ಇಷ್ಟೇ.

ಇದನ್ನು ನಾನು ಬಹಳ ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಸಾರ್, ನಮ್ಮಪ್ಪ ತರಕಾರಿ ಗಾಡಿ ಇಟ್ಟಿದ್ದಾರೆ. ಎಳೆಯೋದು ಸುಲಭ ಅಂದ್ರೆ ಅವರ್ಯಾಕೆ ತಳ್ತಾರೆ?" ಕ್ಲಾಸು ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಕಾರ್ಖಾನೆ, ಆಸ್ಪತ್ರೆ, ಗೋದಾಮುಗಳಲ್ಲಿ ಭಾರ ಸಾಗಿಸುವ ಬಗ್ಗೆ ಬರೆದ ಯಾವ ಕೈಪಿಡಿ ತೆರೆದರೂ ಮೊದಲ ಸಲಹೆ ಇದೇ: ಸಾಧ್ಯವಾದಷ್ಟು ತಳ್ಳಿ, ಎಳೆಯಬೇಡಿ. ಪಠ್ಯಪುಸ್ತಕ ಒಂದು ಹೇಳುತ್ತದೆ, ಕೈಪಿಡಿ ಅದರ ಉಲ್ಟಾ ಹೇಳುತ್ತದೆ. ತಮಾಷೆ ಅಂದರೆ ಎರಡೂ ಸರಿ.

ಲೆಕ್ಕ ಹಾಕಿ ನೋಡೋಣ. 50 ಕೆಜಿಯ ಅಕ್ಕಿ ಮೂಟೆ ಸಿಮೆಂಟ್ ನೆಲದ ಮೇಲಿದೆ. ಘರ್ಷಣೆಯ ಗುಣಾಂಕ 0.4 ಅಂದುಕೊಳ್ಳಿ, ಅಂದರೆ ನೆಲದ ಮೇಲೆ ಬೀಳುವ ಭಾರದ ನೂರಕ್ಕೆ ನಲವತ್ತರಷ್ಟು ಘರ್ಷಣೆ. 30 ಡಿಗ್ರಿ ಓರೆಯಲ್ಲಿ ಕೆಳಮುಖವಾಗಿ ತಳ್ಳಿದರೆ ಸುಮಾರು 30 ಕೆಜಿ ಬಲ ಬೇಕು. ಅಷ್ಟೇ ಓರೆಯಲ್ಲಿ ಮೇಲ್ಮುಖವಾಗಿ ಎಳೆದರೆ 19 ಕೆಜಿ ಸಾಕು. ಇದು ಸಣ್ಣ ವ್ಯತ್ಯಾಸವಲ್ಲ. ಎಪಿಎಂಸಿ ಯಾರ್ಡಿನಲ್ಲಿ ಹಮಾಲರು ಮೂಟೆಯ ಎರಡು ಕಿವಿ ಹಿಡಿದು ಸ್ವಲ್ಪ ಎತ್ತಿದ ಹಾಗೆ ಮಾಡಿ ದರದರ ಎಳೆಯುತ್ತಾರಲ್ಲ, ಅವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ. ಮೂಟೆಯನ್ನು ತಳ್ಳುವವರನ್ನು ನಾನಂತೂ ನೋಡಿಲ್ಲ.

ಈಗ ಅಂಥ ಎಂಟು ಮೂಟೆಯ ಭಾರಕ್ಕೆ ಚಕ್ರ ಹಾಕಿ. ಒಳ್ಳೆಯ ಚಕ್ರ, ಮಟ್ಟಸ ನೆಲ ಇದ್ದರೆ ಭಾರದ ನೂರಕ್ಕೆ ಎರಡರಷ್ಟು ಬಲ ಸಾಕಾಗುತ್ತದೆ ಎಂಬುದು ಕೈಪಿಡಿಗಳ ಅಂದಾಜು. ಅಂದರೆ 400 ಕೆಜಿಗೆ 8 ಕೆಜಿ. ಇದನ್ನೇ 30 ಡಿಗ್ರಿ ಓರೆಯಲ್ಲಿ ತಳ್ಳಿದರೆ 9.3, ಎಳೆದರೆ 9.1. ವ್ಯತ್ಯಾಸ ಎಲ್ಲಿ ಹೋಯಿತು? ಉಜ್ಜಾಟವೇ ಇಷ್ಟು ಕಡಿಮೆ ಇರುವಾಗ ಭಾರ ಸ್ವಲ್ಪ ಹೆಚ್ಚಿದರೇನು, ಇಳಿದರೇನು? ಚಕ್ರ ಬಂದ ಕ್ಷಣ ಪಠ್ಯಪುಸ್ತಕದ ವಾದಕ್ಕೆ ಕೆಲಸವಿಲ್ಲ. ಮೆತ್ತನೆ ಹುಲ್ಲುನೆಲದಲ್ಲಿ ಹೂತುಕೊಳ್ಳುವ ಲಾನ್ ರೋಲರ್ ಇವೆರಡರ ನಡುವೆ ಎಲ್ಲೋ ಬರುತ್ತದೆ.

ಹಾಗಾದರೆ ಚಕ್ರ ಇರುವಲ್ಲಿ ತಳ್ಳುವುದೋ ಎಳೆಯುವುದೋ ಎಂದು ಯಾರು ತೀರ್ಮಾನ ಮಾಡಬೇಕು? ಗಾಡಿಗೆ ಅದು ಒಂದೇ. ತಳ್ಳುವವನ ಮೈಗೆ ಒಂದೇ ಅಲ್ಲ. ಬೋರ್ಡಿನ ಮೇಲಿನ ಚಿತ್ರದಲ್ಲಿ ಯಾವಾಗಲೂ ರೋಲರ್ ಇರುತ್ತದೆ, ಬಾಣ ಇರುತ್ತದೆ. ಬಾಣದ ತುದಿಯಲ್ಲಿ ಮನುಷ್ಯ ಇರುವುದಿಲ್ಲ.

ಸೊಂಟದ ಬುಡದಲ್ಲಿ ಬೆನ್ನುಮೂಳೆ ಕೂಡುವ ಜಾಗವಿದೆ. ಬೆನ್ನುನೋವು ಅಂತ ಹೋದರೆ ಡಾಕ್ಟರು ಚೀಟಿಯ ಮೇಲೆ ಎಲ್5-ಎಸ್1 ಎಂದು ಬರೆಯುತ್ತಾರಲ್ಲ, ಅದೇ. ನೀವು ಗಾಡಿಗೆ ಮುಖ ಮಾಡಿ, ಈ ಕೀಲಿಗಿಂತ 25 ಸೆಂಟಿಮೀಟರ್ ಮೇಲೆ ಹಿಡಿದು, 20 ಕೆಜಿ ಬಲದಿಂದ ಎಳೆಯುತ್ತೀರಿ. ಗಾಡಿ ನಿಮ್ಮನ್ನು ಅಷ್ಟೇ ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಮುಗ್ಗರಿಸದಂತೆ ತಡೆಯಬೇಕಾದ್ದು ಬೆನ್ನಿನ ಸ್ನಾಯು. ಅದು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿದೆ, ಅಷ್ಟೇ. 25ನ್ನು 5ರಿಂದ ಭಾಗಿಸಿದರೆ ಐದು ಪಟ್ಟು. ಕೈಯಲ್ಲಿ 20 ಕೆಜಿ, ಬೆನ್ನಿನ ಸ್ನಾಯುವಿನಲ್ಲಿ 100 ಕೆಜಿ. ಆ 100 ಕೆಜಿಯೂ ಮೂಳೆಗಳ ನಡುವಿನ ಡಿಸ್ಕನ್ನು ಹಿಂಡುತ್ತದೆ.

ತಳ್ಳಿದಾಗ ಇದು ತಿರುವುಮುರುವಾಗುತ್ತದೆ. ಗಾಡಿ ನಿಮ್ಮನ್ನು ಹಿಂದಕ್ಕೆ ದೂಡುತ್ತದೆ. ತಡೆಯುವ ಕೆಲಸ ಹೊಟ್ಟೆಯ ಸ್ನಾಯುಗಳದ್ದು. ಅವು ಕೀಲಿನಿಂದ ಇನ್ನೂ ದೂರದಲ್ಲಿವೆ, ಹಾಗಾಗಿ ಕಡಿಮೆ ಬಲ ಸಾಕು. ಜೊತೆಗೆ ಮುಂದಕ್ಕೆ ವಾಲಿದ ಮೈಯ ಭಾರವೇ ಅರ್ಧ ಕೆಲಸ ಮಾಡುತ್ತದೆ. ದುಡ್ಡು ಕೊಡದೆ ಸಿಕ್ಕ ಬಲ ಅದು.

ತಳ್ಳುವುದೂ ಪೂರ್ತಿ ಪುಕ್ಕಟೆಯಲ್ಲ. ಹಿಂಡುವಿಕೆ ಕಡಿಮೆಯಾದರೂ, ಇಸ್ಪೀಟೆಲೆಯ ಕಟ್ಟನ್ನು ಬದಿಯಿಂದ ನೂಕಿದ ಹಾಗೆ, ಒಂದು ಮೂಳೆ ಇನ್ನೊಂದರ ಮೇಲೆ ಜಾರುವ ದಿಕ್ಕಿನಲ್ಲಿ ಬಲ ಬೀಳುತ್ತದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ಕೆಲಸ ಮಾಡಿದ ವಿಲಿಯಂ ಮರಾಸ್ ಮತ್ತು ಅವರ ತಂಡ ಈ ಜಾರುಬಲದ ಕಡೆ ಗಮನ ಸೆಳೆದರು. ಆದ್ದರಿಂದ "ತಳ್ಳಿದರೆ ಏನೂ ಆಗಲ್ಲ" ಎನ್ನುವಂತಿಲ್ಲ. ಎಳೆಯುವುದಕ್ಕಿಂತ ವಾಸಿ, ಅಷ್ಟೇ.

ಇನ್ನು ಎಳೆಯುವವನು ನಡೆಯುವ ರೀತಿ ನೋಡಿ. ಗಾಡಿಗೆ ಮುಖ ಮಾಡಿದರೆ ಹಿಂದುಹಿಂದಕ್ಕೆ ಹೆಜ್ಜೆ ಹಾಕಬೇಕು. ದಾರಿ ಕಾಣುವುದಿಲ್ಲ. ಬೆನ್ನು ಮಾಡಿದರೆ ತೋಳು ಹಿಂದಕ್ಕೆ ತಿರುಚಿಕೊಂಡು ಭುಜಕ್ಕೆ ಪೆಟ್ಟು, ಮತ್ತೆ ಚಕ್ರ ಹಿಮ್ಮಡಿಗೆ ಬಡಿಯುತ್ತದೆ. ಏರ್‌ಪೋರ್ಟಿನಲ್ಲಿ ಎರಡು ಚಕ್ರದ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಓಡುವವರ ಭುಜವನ್ನು ಗಮನಿಸಿ, ಗೊತ್ತಾಗುತ್ತದೆ.

ಇದನ್ನೆಲ್ಲ ಆ ಹುಡುಗನ ಅಪ್ಪನಿಗೇ ಕೇಳೋಣ ಅನಿಸಿತು. ಬೆಂಗಳೂರಿನ ಹನುಮಂತನಗರದ ಏರಿಳಿಜಾರಿನ ಬೀದಿಗಳಲ್ಲಿ ಅವರು ಗಾಡಿ ತಳ್ಳುತ್ತಾರೆ. ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಮಗ್ಗುಲ ರಸ್ತೆಗಳನ್ನು ಬಲ್ಲವರಿಗೆ ಅದು ಎಂಥ ಕೆಲಸ ಎಂದು ಹೇಳಬೇಕಿಲ್ಲ. ಯಾಕೆ ಎಳೆಯುವುದಿಲ್ಲ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಒಂಥರಾ ನೋಡಿದರು. "ಎಳ್ಕೊಂಡು ಹೋದ್ರೆ ಹಿಂದೆ ಹಸು ಬಾಯಿ ಹಾಕಿರುತ್ತೆ ಸಾರ್. ಎರಡು ಕಟ್ಟು ಕೊತ್ತಂಬರಿ ಹೋದ್ಮೇಲೇ ಗೊತ್ತಾಗೋದು." ಬೆನ್ನುಮೂಳೆಯ ಬಗ್ಗೆ ನಾನು ಓದಿಕೊಂಡು ಹೋಗಿದ್ದು ಅಲ್ಲಿ ಯಾರಿಗೂ ಬೇಕಾಗಲಿಲ್ಲ.

ಆದರೆ ಅವರ ಜೊತೆ ಸ್ವಲ್ಪ ದೂರ ನಡೆದಾಗ ನನಗೆ ಬೇರೆ ಒಂದು ವಿಷಯ ಕಣ್ಣಿಗೆ ಬಿತ್ತು. ಅವರು ಕೈಯನ್ನು ನೋಡುವುದೇ ಇಲ್ಲ. ಕಾಲಿಟ್ಟ ಜಾಗ ನೋಡುತ್ತಾರೆ. ಮರಳು ಚೆಲ್ಲಿದ್ದರೆ, ನೀರು ಹರಿದಿದ್ದರೆ, ಎಲೆಕೋಸಿನ ಸಿಪ್ಪೆ ಬಿದ್ದಿದ್ದರೆ ಹೆಜ್ಜೆ ಬದಲಿಸುತ್ತಾರೆ.

ಅದರಲ್ಲಿ ಲೆಕ್ಕ ಇದೆ. ನಾವು ಎಷ್ಟು ತಳ್ಳಬಲ್ಲೆವು ಎಂಬುದಕ್ಕೆ ತೋಳಿಗಿಂತ ಮೊದಲು ನೆಲ ಮಿತಿ ಹಾಕುತ್ತದೆ. ಗಾಡಿಯನ್ನು ಮುಂದಕ್ಕೆ ದೂಡಬೇಕಾದರೆ ಪಾದ ನೆಲವನ್ನು ಹಿಂದಕ್ಕೆ ದೂಡಬೇಕು. 60 ಕೆಜಿ ತೂಕದ ಮನುಷ್ಯ, ಒದ್ದೆ ಮಾರ್ಕೆಟ್ಟಿನ ನೆಲ, ಹಿಡಿತದ ಗುಣಾಂಕ 0.3. ಆತ ಜಟ್ಟಿಯೇ ಆಗಿದ್ದರೂ ಅಡ್ಡಕ್ಕೆ 18 ಕೆಜಿಗಿಂತ ಹೆಚ್ಚು ತಳ್ಳಲಾರ. ಅದಕ್ಕಿಂತ ಹೆಚ್ಚು ಹಾಕಿದರೆ ಗಾಡಿ ಅಲ್ಲೇ ಇರುತ್ತದೆ, ಕಾಲು ಜಾರುತ್ತದೆ. ಹಿಡಿತ 0.6 ಇರುವ ಒಣ ಒರಟು ನೆಲದಲ್ಲಿ ಅದೇ ಮನುಷ್ಯ 36 ಕೆಜಿಯವರೆಗೆ ಹೋಗಬಹುದು. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಕೈಗಾಡಿ ನೂಕುವವರಿಗೆ ಬೇಕಾದ್ದು ವ್ಯಾಯಾಮದ ಪಾಠ ಖಂಡಿತ ಅಲ್ಲ. ಒಂದು ಜೊತೆ ಒಳ್ಳೆಯ ರಬ್ಬರ್ ಅಟ್ಟೆ, ಮತ್ತೆ ಸಮಯಕ್ಕೆ ಸರಿಯಾಗಿ ಗುಡಿಸಿದ ನೆಲ.

ಒಂದು ಕಾಲು ಮುಂದೆ, ಒಂದು ಹಿಂದೆ ಇಡಬೇಕು. ಹಿಂದಿನ ಕಾಲು ದೂಡಲು, ಮುಂದಿನದು ಗಾಡಿ ದಿಢೀರ್ ಅಂತ ಹೊರಟರೆ ಮುಗ್ಗರಿಸದಿರಲು. ಹಿಡಿಕೆ ಸೊಂಟಕ್ಕೂ ಮೊಣಕೈಗೂ ನಡುವೆ ಇದ್ದರೆ ಒಳ್ಳೆಯದು. ತೀರಾ ತಗ್ಗಾದರೆ ಬಾಗಬೇಕು, ಎತ್ತರವಾದರೆ ವಾಲಲು ಆಗುವುದಿಲ್ಲ. ತಳ್ಳುಗಾಡಿಗೆ ಬಹಳ ಸಲ ಹಿಡಿಕೆಯೇ ಇರುವುದಿಲ್ಲ, ಹಲಗೆಯ ಅಂಚೇ ಹಿಡಿಕೆ. ಗಾಡಿ ಮಾಡುವವರು ಒಂದೇ ಅಳತೆಯಲ್ಲಿ ಮಾಡುತ್ತಾರೆ. ಹೂವಿನ ಗಾಡಿ ತಳ್ಳುವ ಗಿಡ್ಡ ಅಜ್ಜಿಗೂ ಅದೇ, ಆರಡಿಯ ಹುಡುಗನಿಗೂ ಅದೇ.

ಚಕ್ರದ ವಿಷಯಕ್ಕೆ ಬರೋಣ. ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ ಇದು. ನಮ್ಮ ತಳ್ಳುಗಾಡಿಯ ಚಕ್ರ ಸೈಕಲ್ ಚಕ್ರದಷ್ಟು ದೊಡ್ಡದು. ನೋಡಲು ಹಳೆಯ ಕಾಲದ್ದು ಅನಿಸುತ್ತದೆ. ಸೂಪರ್ ಮಾರ್ಕೆಟ್ಟಿನ ಟ್ರಾಲಿಯ ಪುಟ್ಟ ಚಕ್ರ ಆಧುನಿಕ ಅನಿಸುತ್ತದೆ. ಈಗ ದಾರಿಯಲ್ಲಿ 3 ಸೆಂಟಿಮೀಟರಿನ ಒಂದು ದಿಣ್ಣೆ ಬಂತು ಅನ್ನಿ. ಪೈಪು ಹಾಕಲು ಅಗೆದು ಮುಚ್ಚಿದ ಡಾಂಬರಿನ ಅಂಚು, ನಮ್ಮೂರಲ್ಲಿ ಇದಕ್ಕೇನು ಬರವೇ? ಒಂದು ಚಕ್ರದ ಮೇಲೆ 50 ಕೆಜಿ ಭಾರ ಇದೆ. 33 ಸೆಂಟಿಮೀಟರ್ ತ್ರಿಜ್ಯದ ದೊಡ್ಡ ಚಕ್ರವನ್ನು ನಿಂತಲ್ಲಿಂದ ಆ ಅಂಚಿನ ಮೇಲೆ ಹತ್ತಿಸಲು ಸುಮಾರು 23 ಕೆಜಿ ಬಲ ಬೇಕು. 5 ಸೆಂಟಿಮೀಟರ್ ತ್ರಿಜ್ಯದ ಪುಟ್ಟ ಚಕ್ರಕ್ಕೆ ಸುಮಾರು 115 ಕೆಜಿ. ಐದು ಪಟ್ಟು! ಅಂದರೆ ಹತ್ತುವುದೇ ಇಲ್ಲ, ಟ್ರಾಲಿ ಮುಗ್ಗರಿಸುತ್ತದೆ. ನುಣುಪಾದ ಟೈಲ್ಸ್ ಮೇಲೆ ಜಂಭ ಪಡುವ ಚಕ್ರ ಬೀದಿಗಿಳಿದರೆ ಕೆಲಸಕ್ಕೆ ಬಾರದು. ಹಳೆಯ ಗಾಡಿ ಮಾಡಿದವರಿಗೆ ನಮ್ಮ ರಸ್ತೆ ಗೊತ್ತಿತ್ತು.

ಗಾಲಿಕುರ್ಚಿಗೂ ಇದೇ ಲೆಕ್ಕ. ಹೊಸ್ತಿಲು ದಾಟಿಸುವಾಗ ಮುಂದಿನ ಪುಟ್ಟ ಚಕ್ರ ಸಿಕ್ಕಿಹಾಕಿಕೊಂಡು, ಕೂತವರು ಮುಂದಕ್ಕೆ ಬೀಳುವಂತಾಗುವುದನ್ನು ಮನೆಯಲ್ಲಿ ವಯಸ್ಸಾದವರಿರುವ ಎಲ್ಲರೂ ಕಂಡಿರುತ್ತಾರೆ. ಕುರ್ಚಿಯನ್ನು ತಿರುಗಿಸಿ, ಹಿಂದಿನ ದೊಡ್ಡ ಚಕ್ರ ಮೊದಲು ಹತ್ತುವಂತೆ ಹಿಂದುಮುಂದಾಗಿ ಎಳೆದುಕೊಂಡರೆ ಹೆಚ್ಚುಕಡಿಮೆ ಅರ್ಧ ಬಲದಲ್ಲಿ ಕೆಲಸ ಆಗುತ್ತದೆ. ಇಲ್ಲಿ ಎಳೆಯುವುದೇ ಸರಿ. ಕೈಪಿಡಿಯ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ.

ಇಳಿಜಾರು ಬಂದರೆ ಬೇರೆಲ್ಲ ಲೆಕ್ಕ ಹಿಂದೆ ಸರಿಯುತ್ತದೆ. ಗಾಡಿ, ತರಕಾರಿ, ತಕ್ಕಡಿ ಎಲ್ಲ ಸೇರಿ 200 ಕೆಜಿ ಎಂದುಕೊಳ್ಳಿ. ಮಟ್ಟಸ ರಸ್ತೆಯಲ್ಲಿ, ಚಕ್ರ ಚೆನ್ನಾಗಿದ್ದರೆ, 4 ಕೆಜಿ ಬಲ. 20 ಅಡಿಗೆ ಒಂದಡಿ ಏರಿದರೆ ಅದರ ಮೇಲೆ ಇನ್ನೂ 10 ಕೆಜಿ. ಕಣ್ಣಿಗೆ ಏರು ಅಂತಲೇ ಅನಿಸದ ರಸ್ತೆ ಅದು. ಕೆಟ್ಟು ನಿಂತ ಕಾರನ್ನು ತಳ್ಳಿದವರಿಗೆ ಇದು ಚೆನ್ನಾಗಿ ಗೊತ್ತು. ಸಾವಿರ ಕೆಜಿಯ ಕಾರಿಗೆ 50 ಅಡಿಗೆ ಒಂದಡಿ ಏರಿದ್ದರೂ 20 ಕೆಜಿ ಬಲ ಹೆಚ್ಚುವರಿಯಾಗಿ ಬೇಕು. "ಬ್ರೇಕ್ ಹಿಡ್ಕೊಂಡಿದೆಯಾ ನೋಡ್ರೀ" ಎಂದು ಒಳಗೆ ಕೂತವರ ಮೇಲೆ ರೇಗುತ್ತೇವೆ. ಪಾಪ, ರಸ್ತೆಯ ತಪ್ಪು.

ಅದಕ್ಕೇ ಗಾಡಿಯವರು ಏರನ್ನು ನೇರ ಹತ್ತುವುದಿಲ್ಲ. ರಸ್ತೆ ಖಾಲಿ ಇದ್ದರೆ ಹಾವಿನ ನಡೆಯಲ್ಲಿ ಓರೆಯಾಗಿ ಹೋಗುತ್ತಾರೆ. ದೂರ ಜಾಸ್ತಿ, ಪ್ರತಿ ಹೆಜ್ಜೆಯ ಬಲ ಕಡಿಮೆ. ಇಳಿಯುವಾಗ ಗಾಡಿಗಿಂತ ಇಳಿಜಾರಿನ ಮೇಲ್ಬದಿಯಲ್ಲೇ ಇದ್ದು ಹಿಂದಕ್ಕೆ ಜಗ್ಗಿ ಹಿಡಿಯುತ್ತಾರೆ. ಕೈ ತಪ್ಪಿದರೆ ಟೊಮೆಟೊ ಹೋದೀತು, ಕಾಲು ಹೋಗುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಮಾತ್ರ ಇದಕ್ಕೆ ವಿರುದ್ಧವಾಗಿ, ನಾವು ಕೆಳಗಡೆ ಇದ್ದು ಹಿಮ್ಮುಖವಾಗಿ ಇಳಿಸಬೇಕು. ಇಲ್ಲದಿದ್ದರೆ ಕೂತವರು ಮುಂದಕ್ಕೆ ಜಾರುತ್ತಾರೆ. ರ‍್ಯಾಂಪು 12ಕ್ಕೆ 1ರಷ್ಟೇ ಏರಬೇಕು ಎಂಬ ನಿಯಮ ಸುಮ್ನೆ ಬರೆದದ್ದಲ್ಲ. ಕುರ್ಚಿಯೂ ಮನುಷ್ಯನೂ ಸೇರಿ 75 ಕೆಜಿ ಇದ್ದರೆ ಅಲ್ಲಿ 8 ಕೆಜಿ ಬಲ ಸಾಕು. ಜಾಗ ಇಲ್ಲ ಅಂತ 4ಕ್ಕೆ 1 ಮಾಡಿದ ರ‍್ಯಾಂಪಿನಲ್ಲಿ ಅದು 20 ಕೆಜಿ ಹತ್ತಿರ ಹೋಗುತ್ತದೆ. ಅಂಥ ರ‍್ಯಾಂಪುಗಳು ಎಷ್ಟೋ ಕಟ್ಟಡಗಳ ಮುಂದೆ ಇವೆ, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರ ಬೇರೆ.

ಮನೆಯೊಳಗಿನ ಕಬ್ಬಿಣದ ಬೀರುವಿನ ಬಗ್ಗೆ ಒಂದೇ ಮಾತು. ಅದಕ್ಕೆ ಚಕ್ರವಿಲ್ಲ, ಅದರ ಅಪಾಯ ಉರುಳುವುದು. ಎದುರಿನಿಂದ ತಳ್ಳಿದರೆ, ಅದರ ಆಳ ಅರ್ಧ ಮೀಟರ್ ಮಾತ್ರ ಇರುವುದರಿಂದ, ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಕೈ ಹಾಕಿದರೂ ವಾಲುತ್ತದೆ. ಬಾಗಿಲಿನ ಅಗಲದ ದಿಕ್ಕಿನಲ್ಲಿ, ಪಕ್ಕದಿಂದ ತಳ್ಳಿ. ಖಾಲಿ ಮಾಡಿ, ಕಾಲಿನಡಿ ಹಳೇ ಗೋಣಿಚೀಲ ಹಾಕಿ. ಹತ್ತಿರ ಗೋಡೆ ಇದ್ದರೆ ಬೆನ್ನನ್ನು ಬೀರುವಿಗೆ ಕೊಟ್ಟು ಪಾದವನ್ನು ಗೋಡೆಗೆ ಒತ್ತಿ. ಆಗ ನೆಲದ ಹಿಡಿತದ ಮಿತಿಯೇ ಇಲ್ಲ, ತೊಡೆಯ ಬಲವೆಲ್ಲ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಷ್ಟು ಬಲ ಎಂದರೆ ಜಾಸ್ತಿ? ಇದಕ್ಕೆ ಉತ್ತರ ಹುಡುಕಿದ ರೀತಿ ಕುತೂಹಲದ್ದು. ಅಮೆರಿಕದ ಮೆಸಚೂಸೆಟ್ಸ್‌ನಲ್ಲಿ ಲಿಬರ್ಟಿ ಮ್ಯೂಚುವಲ್ ಎಂಬ ವಿಮಾ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಸ್ಟೋವರ್ ಸ್ನೂಕ್ ಮತ್ತು ವಿನ್ಸೆಂಟ್ ಸಿರಿಯೆಲ್ಲೊ ಕೆಲಸಗಾರರನ್ನೇ ಕರೆಸಿ, ಭಾರವನ್ನು ಅವರ ಕೈಗೇ ಬಿಟ್ಟರು. ಏದುಸಿರು ಬರದ ಹಾಗೆ, ವಿಪರೀತ ದಣಿಯದ ಹಾಗೆ ದಿನದ ಕೆಲಸ ಮಾಡಲು ಎಷ್ಟು ಆಗುತ್ತದೋ ಅಷ್ಟಕ್ಕೆ ನೀವೇ ಏರಿಸಿ ಇಳಿಸಿ ಎಂದರು. ಹಾಗೆ ಬಂದ ಕೋಷ್ಟಕಗಳು 1991ರಲ್ಲಿ ಪರಿಷ್ಕೃತವಾಗಿ ಪ್ರಕಟವಾದವು, ಇವತ್ತಿಗೂ ಬಳಕೆಯಲ್ಲಿವೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಮಾರ್ಗಸೂಚಿ ಇನ್ನೂ ಸರಳ: ಗಾಡಿ ಹೊರಡಿಸಲು ಅಥವಾ ನಿಲ್ಲಿಸಲು ಗಂಡಸರಿಗೆ 20 ಕೆಜಿ, ಹೆಂಗಸರಿಗೆ 15 ಕೆಜಿ ಬಲ. ಓಡುತ್ತಿರುವಾಗ 10 ಮತ್ತು 7. ಇವು ಗಡಿಗೆರೆಗಳಲ್ಲ, ಇದಕ್ಕಿಂತ ಹೆಚ್ಚಾದರೆ ನಿಂತು ಯೋಚಿಸಿ ಎಂಬ ಸೂಚನೆ.

ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನಿನಲ್ಲೂ ಪೆಟ್ಟಾಗುವಷ್ಟು ಭಾರವನ್ನು ಎತ್ತಿಸಬಾರದು, ಹೊರಿಸಬಾರದು, ಸಾಗಿಸಬಾರದು ಎಂದಿತ್ತು. ಆದರೆ ಬೀದಿ ಕಾರ್ಖಾನೆಯಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಮಾತೆಲ್ಲ ಹೆಚ್ಚಾಗಿ ಜಾಗ ಮತ್ತು ಪ್ರಮಾಣಪತ್ರದ ಸುತ್ತ. ಗಾಡಿಯವನು ತನ್ನ ಮಿತಿಯನ್ನು ತಾನೇ ನಿರ್ಧರಿಸುತ್ತಾನೆ ನಿಜ, ಸ್ನೂಕ್ ಅವರ ಲ್ಯಾಬಿನಲ್ಲಿ ಇದ್ದ ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಭಾರ ಇಳಿಸಿದರೆ ಸಂಪಾದನೆಯೂ ಇಳಿಯುತ್ತದೆ.

ಬ್ರಿಟನ್ನಿನ ಮಾರ್ಗಸೂಚಿಯ ಆ 20 ಕೆಜಿಯನ್ನು ಗಾಡಿ ನಿಲ್ಲಿಸುವ ಲೆಕ್ಕಕ್ಕೆ ಹಾಕಿದೆ. 200 ಕೆಜಿಯ ಗಾಡಿ, ಸೆಕೆಂಡಿಗೆ ಒಂದು ಮೀಟರ್ ವೇಗ, ಅಂದರೆ ಮಾಮೂಲಿ ನಡಿಗೆ. ಮಗು ಅಡ್ಡ ಬಂತು. ಒಂದು ಸೆಕೆಂಡಿನಲ್ಲಿ ನಿಲ್ಲಿಸಲು ಸುಮಾರು 20 ಕೆಜಿ ಬಲ ಬೇಕು. ಅರ್ಧ ಸೆಕೆಂಡಿನಲ್ಲಾದರೆ 40. ಒದ್ದೆ ನೆಲದಲ್ಲಿ ಪಾದಕ್ಕೆ ಸಿಗುವುದು 18 ಎಂದು ಆಗಲೇ ನೋಡಿದೆವು. ಅಂದರೆ ಗಾಡಿಯವನು ತನ್ನ ಗಾಡಿಯನ್ನು ಅಷ್ಟು ಬೇಗ ನಿಲ್ಲಿಸಲಾರ, ಅದರ ಜೊತೆ ತಾನೂ ಜಾರುತ್ತಾನೆ. ಹೊರಡುವುದನ್ನು ನಿಧಾನ ಮಾಡಬಹುದು, ಗಾಡಿಯನ್ನು ಹಿಂದೆಮುಂದೆ ತೂಗಿ ಎಬ್ಬಿಸಬಹುದು. ನಿಲ್ಲಿಸುವಾಗ ಅಷ್ಟು ಪುರುಸೊತ್ತು ಸಿಗುವುದಿಲ್ಲ.

ತೇರಿನ ಊರುಗಳಲ್ಲಿ ಇದು ಚೆನ್ನಾಗಿ ಗೊತ್ತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಹೊರಡುತ್ತವೆ. ಹಗ್ಗಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ತೇರಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ, ತಿರುಗಿಸುವ ಕೆಲಸಕ್ಕೆ ಮಾತ್ರ ಎಲ್ಲ ಊರಿನಲ್ಲೂ ಪಳಗಿದವರೇ ಬೇಕು. ತೇರಿನ ಅವಘಡಗಳಲ್ಲಿ ಜನ ಚಕ್ರದಡಿ ಸಿಕ್ಕುವುದು ಈ ನಿಲ್ಲುವ, ವಾಲುವ ಗಳಿಗೆಯಲ್ಲೇ ಜಾಸ್ತಿ ಎಂದು ನನ್ನ ಅನಿಸಿಕೆ.

ತಳ್ಳುಗಾಡಿಗೆ ಬ್ರೇಕ್ ಇಲ್ಲ. ಚಕ್ರದಡಿ ಕಲ್ಲು ಕೊಡುವುದೇ ಬ್ರೇಕ್. ನಮ್ಮ ಹುಡುಗ ಈಗ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಿದ್ದಾನೆ. ಲಗೇಜ್ ತೂಗುವ ಸಣ್ಣ ತಕ್ಕಡಿಯನ್ನು ಗಾಡಿಗೆ ಕೊಕ್ಕೆ ಹಾಕಿ, ಮೆಲ್ಲಗೆ ಎಳೆದು, ಹೊರಡುವಾಗ ಎಷ್ಟು, ಓಡುವಾಗ ಎಷ್ಟು ಎಂದು ಬರೆದುಕೊಳ್ಳುತ್ತಾನೆ. ಬೇರಿಂಗಿಗೆ ಗ್ರೀಸ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಎರಡೂ ಅಳತೆ ಇದೆ, ಹಾಕಿದ ಮೇಲಿನದು ಕಡಿಮೆ. ಬ್ರೇಕಿಗೆ ವೆಲ್ಡಿಂಗ್ ಅಂಗಡಿಯಲ್ಲಿ ವಿಚಾರಿಸಿದ್ದಾರೆ: ಹಿಂದಿನ ಎರಡು ಚಕ್ರಕ್ಕೆ ತಾಗುವ ಹಾಗೆ ಅಡ್ಡ ಕಂಬಿ, ಅದಕ್ಕೆ ಹಳೇ ಟೈರಿನ ತುಂಡು, ಕಾಲಲ್ಲಿ ತುಳಿಯುವ ಪೆಡಲು. ಪೆಡಲು ಎಲ್ಲಿರಬೇಕು ಎಂಬಲ್ಲಿ ಅಪ್ಪ ಮಗನಿಗೆ ಹೊಂದಾಣಿಕೆ ಆಗಿಲ್ಲ. ತಳ್ಳುವವರ ಕಾಲಿಗೆ ಸಿಗುವಂತೆ ಹಿಂದೆ ಇರಲಿ ಎಂದು ಮಗ. ವ್ಯಾಪಾರಕ್ಕೆ ನಿಂತಾಗ ತಾನಿರುವುದು ಪಕ್ಕದಲ್ಲಿ, ಗಾಡಿ ಜರುಗುವುದೂ ಆಗಲೇ, ಹಾಗಾಗಿ ಪಕ್ಕದಲ್ಲೂ ಒಂದು ಬೇಕು ಎಂದು ಅಪ್ಪ. ನನಗೆ ಅಪ್ಪನ ವಾದವೇ ಸರಿ ಕಾಣುತ್ತದೆ. ಎರಡು ಪೆಡಲಿಗೆ ವೆಲ್ಡಿಂಗಿನವರು ಎಷ್ಟು ಕೇಳುತ್ತಾರೆ ಎಂಬುದರ ಮೇಲೆ ಮುಂದಿನ ಮಾತು.